ಸಂಕ್ರಾಂತಿ ಬುತ್ತಿಗೆ ಮನೆಯ ಬಟಾಟಿ

ದಸರೆ ಹತ್ತಿರ ಬಂತೆಂದರೆ ಎರಡು ಪ್ರಶ್ನೆ ತಪ್ಪದೆ ಬರುತ್ತವೆ. ಒಂದು, "ಬಟಾಟಿ ಯಾವಾಗ ಹಚ್ಚಬೇಕ್ರಿ?" ಇನ್ನೊಂದು, "ಹೋದ ವರ್ಷ ಗಿಡ ಸೊಂಪಾಗಿ ಬಂದಿತ್ತು, ಕಿತ್ತರ ಗೋಲಿಯಷ್ಟು ನಾಲ್ಕ ಗಡ್ಡಿ ಅಷ್ಟ. ಯಾಕ?" ಕೇಳುವವರು ಬೇರೆ ಬೇರೆ, ಉತ್ತರ ಮಾತ್ರ ಒಂದೇ: ರಾತ್ರಿಯ ಚಳಿ.

ಬಟಾಟಿ ಗಿಡ ಬೆಳೆಯುವುದು ಬೇರೆ, ಗಡ್ಡೆ ಕಟ್ಟುವುದು ಬೇರೆ. ಎಲೆ, ಕಾಂಡ ಬೆಚ್ಚಗಿದ್ದರೂ ಬೆಳೆಯುತ್ತವೆ. ಗಡ್ಡೆ ಕಟ್ಟಲು ರಾತ್ರಿ 15ರಿಂದ 20 ಡಿಗ್ರಿ ಇರಬೇಕು, ಹಗಲು ಗಿಡ್ಡ ಇದ್ದರೆ ಇನ್ನೂ ಒಳ್ಳೆಯದು. ರಾತ್ರಿ ಸೆಕೆ ಇದ್ದರೆ ಗಿಡ ತಾನು ಮಾಡಿದ ಅನ್ನವನ್ನೆಲ್ಲ ಎಲೆಗೇ ಸುರಿಯುತ್ತದೆ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಅಂಥ ರಾತ್ರಿಗಳು ಸಿಗುವುದು ನವೆಂಬರಿನಿಂದ ಜನವರಿ ಕೊನೆಯವರೆಗೆ. ಧಾರವಾಡದ ಸುತ್ತ ಮುಂಗಾರಿನಲ್ಲೂ ರೈತರು ಬಟಾಟಿ ಹಚ್ಚುತ್ತಾರೆ, ನಿಜ. ಆದರೆ ಮನೆಯಲ್ಲಿ ಮೊದಲ ಸಲ ಮಾಡುವವರಿಗೆ ಚಳಿಗಾಲದ ಬೆಳೆಯೇ ಸುಲಭ. ಹಚ್ಚಿದ ಮೇಲೆ ಮಳೆಯ ಕಾಟ ಕಡಿಮೆ, ಕೊಳೆಯುವ ಭಯವೂ ಕಡಿಮೆ.

ಏನೇನು ಬೇಕು

ಮೊಳಕೆ ಬಂದ ಬೀಜದ ಗಡ್ಡೆ, 15 ಇಂಚು ಅಗಲ 15 ಇಂಚು ಎತ್ತರದ ಚೀಲಗಳು, ಮಣ್ಣು, ಹಳೆಯ ತಿಪ್ಪೆಗೊಬ್ಬರ, ಬೇವಿನ ಹಿಂಡಿ, ಹೊದಿಸಲು ರವದಿ, ಅಂದರೆ ಕಬ್ಬಿನ ಒಣ ಸೋಗೆ, ಅಥವಾ ಹುಲ್ಲು. ದಿನಕ್ಕೆ ಆರು ತಾಸು ಬಿಸಿಲು ಬೀಳುವ ಜಾಗ. ಒಂದು ಚೀಲಕ್ಕೆ ಎರಡು ಗಿಡ. ಎಲ್ಲ ಸರಿ ಹೋದರೆ ಚೀಲಕ್ಕೆ ಮುಕ್ಕಾಲು ಕಿಲೋ ಆಸುಪಾಸು ಸಿಗುತ್ತದೆ. ವಿಡಿಯೋಗಳಲ್ಲಿ ತೋರಿಸುವ ಹಾಗೆ ಒಂದೇ ಚೀಲದಿಂದ ಬುಟ್ಟಿ ತುಂಬುವುದಿಲ್ಲ. ಹಬ್ಬದ ಅಡುಗೆಗೆ ಐದಾರು ಕಿಲೋ ಬೇಕೆಂದರೆ ಎಂಟು ಚೀಲ ಇಟ್ಟುಕೊಳ್ಳಿ.

1. ಸಂಕ್ರಾಂತಿಯಿಂದ ಹಿಂದಕ್ಕೆ ಎಣಿಸಿ

ಸಂಕ್ರಾಂತಿ ಜನವರಿ 14 ಅಥವಾ 15. ಅದರ ಹಿಂದಿನ ದಿನ ಭೋಗಿ. ಅಂದರೆ ಜನವರಿ 11-12ಕ್ಕೆ ಗಡ್ಡೆ ಹೊರಗೆ ಬರಬೇಕು. ಅದಕ್ಕೆ ಹತ್ತು ದಿನ ಮೊದಲು ಗಿಡದ ತಲೆ ಕತ್ತರಿಸಬೇಕು (ಯಾಕೆಂದು ಮುಂದೆ ಹೇಳುತ್ತೇನೆ), ಅದು ಜನವರಿ 1-2. ಬೇಗ ಬರುವ ತಳಿ ಮಣ್ಣಿನಲ್ಲಿ 80 ದಿನ ಹಸಿರಾಗಿ ಇರಬೇಕು. ಹಿಂದಕ್ಕೆ ಎಣಿಸಿದರೆ ಅಕ್ಟೋಬರ್ 12ರ ಸುತ್ತಮುತ್ತ ಬರುತ್ತದೆ. ತಡವಾಗಿ ಬಲಿಯುವ ತಳಿಯಾದರೆ ಒಂದು ವಾರ ಹಿಂದೆ ಹೋಗಿ.

ಸಂಕ್ರಾಂತಿ ತಪ್ಪಿದರೂ ಪರವಾಗಿಲ್ಲ ಅನ್ನುವವರು ನವೆಂಬರ್ 15ರವರೆಗೂ ಹಚ್ಚಬಹುದು. ಅದಕ್ಕಿಂತ ತಡ ಬೇಡ. ಗಡ್ಡೆ ದಪ್ಪವಾಗುವ ಹೊತ್ತಿಗೆ ಫೆಬ್ರವರಿ ಬಿಸಿಲು ಏರಿರುತ್ತದೆ. ಎಳ್ಳ ಅಮವಾಸ್ಯೆಗೇ ಬೇಕೆಂದು ಸೆಪ್ಟೆಂಬರಿನಲ್ಲಿ ಹಚ್ಚುವವರೂ ಇದ್ದಾರೆ. ಆ ಹಬ್ಬ ಡಿಸೆಂಬರ್-ಜನವರಿಯಲ್ಲಿ ಹಿಂದೆ ಮುಂದೆ ಓಡಾಡುತ್ತದೆ, ಸೆಪ್ಟೆಂಬರಿನ ಮಳೆ ಬೀಜ ಕೊಳೆಸುತ್ತದೆ. ನನ್ನ ಕೇಳಿದರೆ ಬೇಡ.

2. ಬೀಜ ಆರಿಸುವುದು

ಅರ್ಧ ಫಸಲು ಇಲ್ಲೇ ತೀರ್ಮಾನ ಆಗುತ್ತದೆ, ಸ್ವಲ್ಪ ನಿಧಾನವಾಗಿ ಓದಿ.

ಸೆಪ್ಟೆಂಬರ್-ಅಕ್ಟೋಬರಿನಲ್ಲಿ ನಮ್ಮ ಸಂತೆಗಳಿಗೆ ಎರಡು ಥರದ ಬಟಾಟಿ ಬರುತ್ತದೆ. ಒಂದು ಕೋಲ್ಡ್ ಸ್ಟೋರೇಜಿನಲ್ಲಿದ್ದ ಹಳೆಯದು. ಇನ್ನೊಂದು ಆಗಷ್ಟೇ ಕಿತ್ತ ಮುಂಗಾರಿನ ಹೊಸ ಬಟಾಟಿ. ನೋಡಲು ಹೊಸದೇ ಚೆಂದ: ತೆಳು ಸಿಪ್ಪೆ, ಮೈಗೆ ಮಣ್ಣು ಅಂಟಿರುತ್ತದೆ, ಹೆಬ್ಬೆರಳಿಂದ ತಿಕ್ಕಿದರೆ ಸಿಪ್ಪೆ ಸುಲಿದು ಬರುತ್ತದೆ. ತಿನ್ನಲು ತನ್ನಿ, ಬೀಜಕ್ಕೆ ಬೇಡ. ಕಿತ್ತ ಬಟಾಟಿಗೆ ಎರಡು-ಎರಡೂವರೆ ತಿಂಗಳ ನಿದ್ದೆ ಇರುತ್ತದೆ. ಕೃಷಿಯವರು ಇದನ್ನು ಸುಪ್ತಾವಸ್ಥೆ ಅನ್ನುತ್ತಾರೆ. ಆ ನಿದ್ದೆ ಮುಗಿಯುವ ತನಕ ನೀರು ಹಾಕಿದರೂ ಗೊಬ್ಬರ ಹಾಕಿದರೂ ಕಣ್ಣು ಬಿಡುವುದಿಲ್ಲ. ನಾನು ಮೊದಲ ವರ್ಷ ಇದನ್ನೇ ಹಚ್ಚಿದ್ದೆ. ದೀಪಾವಳಿಗೆ ಕೆದರಿ ನೋಡಿದರೆ ಇಟ್ಟದ್ದು ಇಟ್ಟ ಹಾಗೇ ಮಲಗಿತ್ತು.

ಹಾಗಾದರೆ ಹಳೆಯದನ್ನು ತಂದರೆ ಆಯಿತಲ್ಲ ಅನ್ನಬೇಡಿ. ಅಡುಗೆಗೆಂದು ಮಾರುವ ಬಟಾಟಿ ಮೊಳೆಯದಿರಲಿ ಎಂದು ಕೆಲವು ಸ್ಟೋರೇಜುಗಳಲ್ಲಿ ಔಷಧದ ಹೊಗೆ ಕೊಟ್ಟಿರುತ್ತಾರೆ. ಅಂಥದ್ದು ಮೊಳೆಯುವುದೇ ಇಲ್ಲ, ಮೊಳೆತರೂ ಕೂದಲಿನಂಥ ಸಣ್ಣ ಎಳೆ. ಜೊತೆಗೆ ರೋಗ ಇದೆಯೋ ಇಲ್ಲವೋ ಗೊತ್ತಾಗದು.

ಸರಿಯಾದ ದಾರಿ ಎಂದರೆ ಬೀಜದ ಬಟಾಟಿಯನ್ನೇ ಕೇಳಿ ತರುವುದು. ಹಿಂಗಾರಿನ ಹೊತ್ತಿಗೆ ಬೀಜ-ಗೊಬ್ಬರದ ಅಂಗಡಿಗಳಲ್ಲಿ, ಹುಬ್ಬಳ್ಳಿ ಅಮರಗೋಳದ ಎಪಿಎಂಸಿ ಸುತ್ತಮುತ್ತ ವಿಚಾರಿಸಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲೂ ಯಾವ ತಳಿ ಒಳ್ಳೆಯದು, ಎಲ್ಲಿ ಸಿಗಬಹುದು ಎಂದು ಕೇಳಬಹುದು. ಬೀಜ ಸಾಮಾನ್ಯವಾಗಿ 50 ಕಿಲೋ ಚೀಲದಲ್ಲಿ ಬರುತ್ತದೆ. ನಿಮಗೆ ಬೇಕಾದದ್ದು ಒಂದು ಕಿಲೋ. ಸುಮ್ನೆ ನಾಚಿಕೊಳ್ಳಬೇಡಿ, ಚೀಲ ಒಯ್ಯುವ ರೈತರನ್ನೇ ಕೇಳಿದರೆ ಒಂದಿಷ್ಟು ಕೊಟ್ಟೇ ಕೊಡುತ್ತಾರೆ.

ತಳಿಗಳ ಹೆಸರಿನ ಮುಂದೆಲ್ಲ "ಕುಫ್ರಿ" ಎಂದಿರುತ್ತದೆ. ಅದು ಶಿಮ್ಲಾ ಹತ್ತಿರದ ಒಂದು ಊರು. ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ ತನ್ನ ತಳಿಗಳಿಗೆ ಆ ಹೆಸರು ಇಡುತ್ತದೆ. ಕುಫ್ರಿ ಚಂದ್ರಮುಖಿ, ಕುಫ್ರಿ ಪುಖರಾಜ್ ಬೇಗ ಬರುವವು. ನಮ್ಮ ಕಡೆ ಜಾಸ್ತಿ ಸಿಗುವುದು ಕುಫ್ರಿ ಜ್ಯೋತಿ. 1968ರಲ್ಲಿ ಬಿಡುಗಡೆಯಾದ ಹಳೆಯ ತಳಿ, ಬಲಿಯಲು 90-100 ದಿನ ಬೇಕು. ಅಂಗಮಾರಿ ರೋಗ ತಡೆಯುತ್ತದೆ ಎಂದು ಒಂದು ಕಾಲಕ್ಕೆ ಹೆಸರಾಗಿತ್ತು. ಈಗ ಆ ಶಕ್ತಿ ಉಳಿದಿಲ್ಲ, ಅಂಗಡಿಯವರ ಮಾತಿಗೆ ಮರುಳಾಗಬೇಡಿ. ರಾತ್ರಿ ಸ್ವಲ್ಪ ಬೆಚ್ಚಗಿದ್ದರೂ ಗಡ್ಡೆ ಕಟ್ಟುವ ಕುಫ್ರಿ ಸೂರ್ಯ ಸಿಕ್ಕರೆ ಗದಗ ಕಡೆಯವರು ಬಿಡಬೇಡಿ.

ಗಾತ್ರ ಕೋಳಿ ತತ್ತಿಯಷ್ಟಿರಲಿ, 40-50 ಗ್ರಾಂ. ಎಂಟು ಚೀಲಕ್ಕೆ 16 ಗಡ್ಡೆ ಸಾಕು, ಕೊಳೆತರೆ ಇರಲಿ ಎಂದು ನಾಲ್ಕು ಹೆಚ್ಚಿಗೆ.

ಬೀಜ ಸಿಗಲೇ ಇಲ್ಲ ಅಂತಿಟ್ಟುಕೊಳ್ಳಿ. ಅಡುಗೆಮನೆಯಲ್ಲಿ ತಾನಾಗಿಯೇ ದಪ್ಪ ಮೊಳಕೆ ಒಡೆದದ್ದಿದ್ದರೆ ಅದನ್ನು ಬಳಸಬಹುದು. ಮೊದಲು ಅದೇ ಗುಂಪಿನ ಒಂದನ್ನು ಅಡ್ಡ ಕೊಯ್ದು ನೋಡಿ. ಸಿಪ್ಪೆಯ ಒಳಗಡೆ ಕಂದು ಬಳೆ ಕಂಡು, ಹಿಸುಕಿದಾಗ ಹಾಲಿನಂಥ ಅಂಟು ಬಂದರೆ ಎಲ್ಲವನ್ನೂ ಬಿಸಾಡಿ. ಏನೂ ಕಾಣದಿದ್ದರೂ ಚೀಲದಲ್ಲೇ ಹಚ್ಚಿ, ಹಿತ್ತಲ ನೆಲದಲ್ಲಿ ಬೇಡ.

3. ಮೊಳಕೆ ಬರಿಸುವುದು

ಸೆಪ್ಟೆಂಬರ್ 20ರ ಹೊತ್ತಿಗೆ ಬೀಜ ಮನೆಯಲ್ಲಿರಲಿ. ತತ್ತಿ ಟ್ರೇಯಲ್ಲಿ ಒಂದೊಂದೇ ಜೋಡಿಸಿ, ಹೆಚ್ಚು ಕಣ್ಣಿರುವ (ಮೊಳಕೆ ಒಡೆಯುವ ಸಣ್ಣ ಕುಳಿ) ತುದಿ ಮೇಲೆ. ಬೆಳಕು ಬರುವ, ಆದರೆ ಬಿಸಿಲು ನೇರ ಬೀಳದ ಕಿಟಕಿಯ ಹತ್ತಿರ ಇಡಿ.

ಇಲ್ಲಿ ಬಹಳ ಜನ ಎಡವುತ್ತಾರೆ. ಬೇಗ ಮೊಳೆಯಲಿ ಎಂದು ಕತ್ತಲಲ್ಲಿ, ಡಬ್ಬಿಯಲ್ಲಿ ಮುಚ್ಚಿಡುತ್ತಾರೆ. ಬಿಳಿಯ, ಉದ್ದನೆಯ, ಮುಟ್ಟಿದರೆ ಮುರಿಯುವ ಮೊಳಕೆ ಬರುತ್ತದೆ. ನಮಗೆ ಬೇಕಾದದ್ದು ಗಿಡ್ಡ, ದಪ್ಪ, ಹಸಿರೋ ನೇರಳೆಯೋ ಬಣ್ಣದ ಮೊಳಕೆ. ಉದ್ದ ಒಂದು ಸೆಂಟಿಮೀಟರ್ ಇದ್ದರೆ ಸಾಕು.

ದೊಡ್ಡ ಗಡ್ಡೆಯನ್ನು ಕೊಯ್ದು ಹಚ್ಚಬಹುದೇ ಎಂದು ಕೇಳುತ್ತೀರಿ. ಹಚ್ಚಬಹುದು, ತುಂಡಿಗೆ ಎರಡು ಕಣ್ಣಾದರೂ ಇರಲಿ, ಎರಡು ದಿನ ನೆರಳಲ್ಲಿ ಗಾಯ ಒಣಗಲಿ. ಆದರೆ ಅಕ್ಟೋಬರಿನಲ್ಲಿ ಹಿಂಗಾರು ಮಳೆ ಒಂದೆರಡು ಜೋರಾಗಿ ಬಂದರೆ ಕೊಯ್ದ ತುಂಡೇ ಮೊದಲು ಕೊಳೆಯುವುದು. ಎಂಟು ಚೀಲದ ತೋಟಕ್ಕೆ ಇಡೀ ಗಡ್ಡೆ ಹಚ್ಚಿ, ನೆಮ್ಮದಿ.

4. ಮಣ್ಣು

ಧಾರವಾಡದ ಪಶ್ಚಿಮಕ್ಕೆ ಮಸಾರಿ, ಅಂದರೆ ಕೆಂಪು ಮಣ್ಣು. ಹುಬ್ಬಳ್ಳಿ ದಾಟಿ ಅಣ್ಣಿಗೇರಿ, ಗದಗ ಕಡೆ ಹೋದಂತೆ ಎರಿ, ಕಪ್ಪು ಮಣ್ಣು. ಬಟಾಟಿಗೆ ಮಸಾರಿಯೇ ಇಷ್ಟ. ಎರಿ ಮಣ್ಣು ಹಸಿಯಾದರೆ ಅಂಟು, ಒಣಗಿದರೆ ಕಲ್ಲು. ಗಡ್ಡೆಗೆ ಊದಲು ಜಾಗವೇ ಸಿಗದೆ ಡೊಂಕಾಗುತ್ತದೆ.

ಚೀಲಕ್ಕೆ ಹೀಗೆ ಕಲೆಸಿ: ನಾಲ್ಕು ಬುಟ್ಟಿ ಮಸಾರಿ ಮಣ್ಣು, ಮೂರು ಬುಟ್ಟಿ ಪೂರ್ತಿ ಕಳಿತ ತಿಪ್ಪೆಗೊಬ್ಬರ ಅಥವಾ ಎರೆಹುಳು ಗೊಬ್ಬರ, ಎರಡು ಬುಟ್ಟಿ ತೆಂಗಿನ ನಾರಿನ ಪುಡಿ, ಒಂದು ಬುಟ್ಟಿ ಮರಳು. ಪ್ರತಿ ಚೀಲಕ್ಕೆ ಒಂದು ಹಿಡಿ ಬೇವಿನ ಹಿಂಡಿ. ಕೈಯಲ್ಲಿ ಹಿಡಿದು ಒತ್ತಿದರೆ ಉಂಡೆಯಾಗಬೇಕು, ಬೆರಳು ತಾಕಿಸಿದರೆ ಉದುರಬೇಕು. ಹಿತ್ತಲಲ್ಲಿ ಎರಿಯೇ ಇದೆ, ಚೀಲ ಬೇಡ ಅನ್ನುವವರು ನೆಲದಿಂದ ಒಂದು ಅಡಿ ಎತ್ತರದ ಮಡಿ ಮಾಡಿ ಅದರೊಳಗೆ ಇದೇ ಮಿಶ್ರಣ ತುಂಬಿ.

ಎರಡು ಎಚ್ಚರಿಕೆ. ಹಸಿ ಸಗಣಿ, ಅರೆ ಕಳಿತ ಗೊಬ್ಬರ ಹಾಕಿದರೆ ಅದರ ಜೊತೆ ಗೊಣ್ಣೆ ಹುಳು ಬರುತ್ತದೆ, ಗಡ್ಡೆಗೆ ಗುಳಿ ತೋಡುತ್ತದೆ. ಇನ್ನೊಂದು ಬೂದಿ. ಒಲೆ ಬೂದಿ ಗಡ್ಡೆಗೆ ಒಳ್ಳೆಯದು ಎಂದು ಹಿರಿಯರು ಹೇಳುತ್ತಾರೆ. ಅದರಲ್ಲಿ ಪೊಟ್ಯಾಷ್ ಇರುವುದು ನಿಜ, ಆದರೆ ಸುಣ್ಣದ ಅಂಶವೂ ಇದೆ. ಕ್ಷಾರದ ಮಣ್ಣಿನಲ್ಲಿ ಸ್ಕ್ಯಾಬ್ ಜಾಸ್ತಿ. ಸ್ಕ್ಯಾಬ್ ಎಂದರೆ ಸಿಪ್ಪೆಯ ಮೇಲೆ ಕಜ್ಜಿ ಎದ್ದ ಹಾಗೆ ಒರಟು ಚುಕ್ಕೆಗಳು. ನಮ್ಮ ಎರಿ ಮಣ್ಣು ಮೊದಲೇ ಕ್ಷಾರ. ಅದಕ್ಕೆ ಬೂದಿ ಬೇಡವೇ ಬೇಡ.

ರಾಸಾಯನಿಕ ಗೊಬ್ಬರ ಬಳಸುವವರು 10:26:26 ಅನ್ನು ಚೀಲಕ್ಕೆ ಎರಡು ಚಹಾ ಚಮಚೆ ಮಣ್ಣಿಗೆ ಬೆರೆಸಿ. ಆ ಮೂರು ಅಂಕಿಗಳು ನೂರು ಕಿಲೋ ಗೊಬ್ಬರದಲ್ಲಿ ಸಾರಜನಕ, ರಂಜಕ, ಪೊಟ್ಯಾಷ್ ಎಷ್ಟೆಷ್ಟು ಕಿಲೋ ಎಂದು ಹೇಳುತ್ತವೆ. ಸಾರಜನಕ ಎಲೆಗೆ, ಪೊಟ್ಯಾಷ್ ಗಡ್ಡೆಗೆ ಎಂದು ನೆನಪಿಟ್ಟುಕೊಂಡರೆ ಸಾಕು.

5. ಹಚ್ಚುವುದು

ಚೀಲವನ್ನು ಪೂರ್ತಿ ತುಂಬಬೇಡಿ. ಅರ್ಧದಷ್ಟು ಮಣ್ಣು ಹಾಕಿ, ಒಂದು ಗೇಣು ಅಂತರದಲ್ಲಿ ಎರಡು ಬೀಜ ಇಡಿ, ಮೊಳಕೆ ಮೇಲ್ಮುಖವಾಗಿ. ಮೇಲೆ ನಾಲ್ಕು ಬೆರಳು ಮಣ್ಣು. ಒಂದು ಸಲ ನೀರು ಕೊಟ್ಟರೆ ಮೊಳಕೆ ಹೊರಗೆ ಬರುವ ತನಕ ಹೆಚ್ಚು ನೀರು ಬೇಡ. ಎರಡು-ಮೂರು ವಾರ ಏನೂ ಕಾಣದೇ ಇರಬಹುದು. ಕೆದರಿ ನೋಡುವ ಚಟ ಎಲ್ಲರಿಗೂ ಇರುತ್ತದೆ, ಅಲ್ವಾ? ಕೆದರಬೇಡಿ, ಮೊಳಕೆ ಮುರಿಯುತ್ತದೆ.

ಟೆರೇಸಿನವರಿಗೆ ಒಂದು ಮಾತು. ಅಕ್ಟೋಬರ್ ಬಿಸಿಲಿಗೆ ಸ್ಲ್ಯಾಬ್ ಕಾಯುತ್ತದೆ. ಅದರ ಮೇಲೆ ಕಪ್ಪು ಚೀಲ ಇಟ್ಟರೆ ಮಧ್ಯಾಹ್ನ ಒಳಗಿನ ಮಣ್ಣೂ ಕಾಯುತ್ತದೆ. ಹೊರಗೆ ಚಳಿ ಇದ್ದರೂ ಗಡ್ಡೆಗೆ ಸೆಕೆ. ಬಿಳಿ ಚೀಲ ಆರಿಸಿ, ಇಲ್ಲವೇ ಸುತ್ತ ಗೋಣಿತಟ್ಟು ಸುತ್ತಿ. ಕೆಳಗೆ ಎರಡು ಇಟ್ಟಿಗೆ ಇಟ್ಟು ಎತ್ತರಿಸಿ. ಚೀಲಗಳನ್ನು ಒಂದಕ್ಕೊಂದು ತಾಗಿಸಿ ನಿಲ್ಲಿಸಿದರೆ ಒಂದರ ನೆರಳು ಇನ್ನೊಂದಕ್ಕೆ ಸಿಗುತ್ತದೆ.

6. ಮಣ್ಣು ಏರಿಸುವುದು

ಹಚ್ಚಿ 25-30 ದಿನಕ್ಕೆ ಗಿಡ ಒಂದು ಗೇಣು ಬಂದಿರುತ್ತದೆ. ಆಗ ಬುಡಕ್ಕೆ ಮತ್ತೆ ಮಣ್ಣು ಹಾಕಿ, ಮೇಲಿನ ಎಲೆಗಳಷ್ಟೇ ಕಾಣುವ ಹಾಗೆ. ಇದಕ್ಕೇ ಚೀಲ ಅರ್ಧ ಖಾಲಿ ಬಿಟ್ಟದ್ದು. ಎರಡು ವಾರ ಬಿಟ್ಟು ಇನ್ನೊಮ್ಮೆ. ಮೊದಲ ಸಲ ಏರಿಸುವಾಗ ಚೀಲಕ್ಕೆ ಅರ್ಧ ಚಹಾ ಚಮಚೆ ಯೂರಿಯಾ ಅಥವಾ ಎರಡು ಹಿಡಿ ಎರೆಹುಳು ಗೊಬ್ಬರ. ಆಮೇಲೆ ಯೂರಿಯಾ ಮುಟ್ಟಬೇಡಿ. ಸೊಂಪಾದ ಗಿಡ, ಗೋಲಿ ಗಾತ್ರದ ಗಡ್ಡೆ ಎಂದು ದೂರುವವರಲ್ಲಿ ಬಹಳಷ್ಟು ಜನರದ್ದು ರಾತ್ರಿಯ ಸೆಕೆಯ ಜೊತೆಗೆ ಈ ಯೂರಿಯಾ ಕಥೆಯೂ ಹೌದು.

ಯಾಕೆ ಮಣ್ಣು ಏರಿಸಬೇಕು? ಬಟಾಟಿ ಬೇರಲ್ಲ. ಬೀಜದ ಮೇಲಿನ ಕಾಂಡದಿಂದ ಮಣ್ಣೊಳಗೆ ಅಡ್ಡಡ್ಡ ಕವಲುಗಳು ಹೊರಡುತ್ತವೆ, ಅವುಗಳ ತುದಿ ಊದಿಕೊಂಡದ್ದೇ ಗಡ್ಡೆ. ಅದಕ್ಕೆ ಬೆಳಕು ತಾಗಿದರೆ ಹಸಿರಾಗುತ್ತದೆ. ಹಸಿರಾದ ಕಡೆ ಸೊಲನೈನ್ ಎಂಬ ಕಹಿ ವಿಷ ಸೇರುತ್ತದೆ, ಬೇಯಿಸಿದರೂ ಹೋಗುವುದಿಲ್ಲ. ಮಣ್ಣಿನ ಹೊದಿಕೆ ಇದ್ದರೆ ಬೆಳಕೂ ಇಲ್ಲ, ಬಟಾಟಿ ಪತಂಗ ಬಂದು ತತ್ತಿ ಇಡುವುದೂ ಇಲ್ಲ. ಕೊನೆಗೆ ಮೇಲೆ ರವದಿ ಹೊದಿಸಿ. ಶೇಂಗಾ ಹೊಟ್ಟು, ಒಣ ಹುಲ್ಲು ಯಾವುದಾದರೂ ಆದೀತು.

ಮಣ್ಣು ಏರಿಸುತ್ತಾ ಹೋದಷ್ಟೂ ಮಹಡಿ ಮೇಲೆ ಮಹಡಿಯಂತೆ ಗಡ್ಡೆ ಬರುತ್ತದೆ ಎಂದು ನಾಲ್ಕಡಿ ಡ್ರಮ್ಮಿನಲ್ಲಿ ಮಾಡುವವರಿದ್ದಾರೆ. ಬೇಗ ಬರುವ ತಳಿಗಳಲ್ಲಿ ಗಡ್ಡೆ ಎಲ್ಲ ಬೀಜದ ಮೇಲಿನ ಒಂದು ಗೇಣಿನೊಳಗೇ ಕಟ್ಟುತ್ತದೆ. ಡ್ರಮ್ ತುಂಬಿದ್ದಕ್ಕೆ ಸೊಂಟ ನೋವಷ್ಟೇ ಲಾಭ.

7. ನೀರು

ಹಚ್ಚಿದ 30ನೇ ದಿನದಿಂದ 70ನೇ ದಿನದವರೆಗೆ ಮಣ್ಣು ಒಂದೇ ಹದದಲ್ಲಿ ತೇವವಾಗಿರಬೇಕು. ಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣಿಗೆ ಚುಚ್ಚಿ. ತುದಿಗೆ ತಂಪು ತಾಗಿದರೆ ಇವತ್ತು ನೀರು ಬೇಡ. ಒಣಗಿದ್ದರೆ ತಳದಿಂದ ಹನಿ ಬೀಳುವ ತನಕ ಕೊಡಿ.

ನಳಕ್ಕೆ ಐದಾರು ದಿನಕ್ಕೊಮ್ಮೆ ನೀರು ಬರುವ ಓಣಿಗಳಲ್ಲಿ ಆಗುವುದೇ ಬೇರೆ. ನೀರು ಬಂದ ದಿನ ಗಿಡಕ್ಕೂ ಹಬ್ಬ, ಆಮೇಲೆ ಉಪವಾಸ. ಒಣಗಿದ ಗಡ್ಡೆಗೆ ಒಮ್ಮೆಲೇ ನೀರು ಸಿಕ್ಕರೆ ಸಿಪ್ಪೆ ಸೀಳುತ್ತದೆ, ಗಡ್ಡೆಗೆ ಗಂಟು ಗಂಟಾಗಿ ಮರಿ ಮೂಡುತ್ತದೆ, ಕೆಲವು ಒಳಗೆ ಪೊಳ್ಳಾಗುತ್ತವೆ. ಅಕ್ಕಿ, ಬೇಳೆ ತೊಳೆದ ನೀರನ್ನು ಒಂದು ಬಕೆಟ್ಟಿನಲ್ಲಿ ಕೂಡಿಟ್ಟು ದಿನ ಬಿಟ್ಟು ದಿನ ಹಂಚಿ. ಉಪ್ಪು ಹಾಕಿದ ನೀರು, ಸೋಪಿನ ನೀರು ಬೇಡ.

8. ರೋಗ ಬಂದರೆ

ಮೂರನ್ನು ಗುರುತಿಸಲು ಕಲಿತರೆ ಮನೆ ತೋಟಕ್ಕೆ ಸಾಕು.

ಅಂಗಮಾರಿ. ಮೋಡ ಮುಚ್ಚಿ, ಜಿನುಗು ಮಳೆ, ಇಬ್ಬನಿ ಎರಡು-ಮೂರು ದಿನ ಹಿಡಿದರೆ ಬರುತ್ತದೆ. ಎಲೆಯ ಅಂಚಿನಲ್ಲಿ ಬಿಸಿ ನೀರು ಸುರಿದಂಥ ಕಲೆ, ಆಮೇಲೆ ಕಪ್ಪು. ಬೆಳಿಗ್ಗೆ ಎಲೆ ತಿರುಗಿಸಿದರೆ ಕಲೆಯ ಸುತ್ತ ಬಿಳಿ ಬೂಷ್ಟು. 1845ರಲ್ಲಿ ಐರ್ಲೆಂಡಿನ ಹೊಲಗಳನ್ನು ಕೊಳೆಸಿ ಬರಗಾಲ ತಂದದ್ದು ಇದೇ ರೋಗ. ಹವಾಮಾನ ಇಲಾಖೆ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಎಂದರೆ ಆವತ್ತೇ ಮ್ಯಾಂಕೋಜೆಬ್ ಲೀಟರಿಗೆ 2 ಗ್ರಾಂ ಕಲಸಿ ಎಲೆಯ ಎರಡೂ ಕಡೆ ಸಿಂಪಡಿಸಿ. ಇದು ರೋಗ ಬರದಂತೆ ತಡೆಯುವ ಪುಡಿ, ಬಂದ ಮೇಲೆ ವಾಸಿ ಮಾಡುವುದಲ್ಲ. ಮುಖಕ್ಕೆ ಬಟ್ಟೆ, ಕೈಗೆ ಗ್ಲೌಸ್ ಇರಲಿ. ಸಿಂಪಡಿಸಿ ಎಷ್ಟು ದಿನದ ಮೇಲೆ ಕೀಳಬೇಕೆಂದು ಪೊಟ್ಟಣದ ಮೇಲೆ ಬರೆದಿರುತ್ತದೆ, ಓದಿ. 60 ದಿನ ದಾಟಿದ ಗಿಡಕ್ಕೆ ರೋಗ ಜೋರಾಗಿ ಹಿಡಿದರೆ ಹೋರಾಡಬೇಡಿ. ಗಿಡವನ್ನು ಬುಡಕ್ಕೆ ಕತ್ತರಿಸಿ ದೂರ ಎಸೆಯಿರಿ, ಹತ್ತು ದಿನ ಬಿಟ್ಟು ಅಗೆಯಿರಿ. ಸಣ್ಣವಾದರೂ ಗಡ್ಡೆ ಉಳಿಯುತ್ತದೆ.

ಎಲೆಚುಕ್ಕೆ. ಬಳೆಯೊಳಗೆ ಬಳೆ ಇಟ್ಟಂಥ ಕಂದು ಚುಕ್ಕೆ, ಕೆಳಗಿನ ಎಲೆಗಳಲ್ಲಿ ಮೊದಲು. ಅಷ್ಟು ಭಯ ಬೇಡ, ಆ ಎಲೆ ಕಿತ್ತುಹಾಕಿ.

ಸೊರಗು ರೋಗ. ನೀರಿದ್ದರೂ ಹಸಿರು ಗಿಡ ಇದ್ದಕ್ಕಿದ್ದಂತೆ ಬಾಡುತ್ತದೆ. ಬುಡದ ಹತ್ತಿರ ಕಾಂಡ ಕೊಯ್ದು, ಗಾಜಿನ ಲೋಟದ ತಿಳಿ ನೀರಿನಲ್ಲಿ ಕೊಯ್ದ ತುದಿ ಮುಳುಗುವಂತೆ ಹಿಡಿಯಿರಿ. ಅಲುಗಾಡಿಸಬೇಡಿ. ಒಂದೆರಡು ನಿಮಿಷಕ್ಕೆ ತುದಿಯಿಂದ ಹಾಲಿನ ಎಳೆಯಂಥದ್ದು ಕೆಳಗೆ ಇಳಿದರೆ ಅದು ಬ್ಯಾಕ್ಟೀರಿಯಾ. ಔಷಧ ಹುಡುಕಿ ದುಡ್ಡು ಕಳೆಯಬೇಡಿ. ಚೀಲ ಸಮೇತ ಹೊರಗೆ ಹಾಕಿ. ಆ ಮಣ್ಣನ್ನು ಟೊಮೆಟೊ, ಬದನೆ, ಮೆಣಸಿನಕಾಯಿಗೆ ಬಳಸಲೇಬೇಡಿ, ಅವೆಲ್ಲ ಬಟಾಟಿಯ ಒಂದೇ ಬಳಗ.

ಗಿಡದಲ್ಲಿ ಸಣ್ಣ ಟೊಮೆಟೊದಂಥ ಹಸಿರು ಕಾಯಿ ಬಿಟ್ಟರೆ ಮಕ್ಕಳ ಕೈಗೆ ಸಿಗದಂತೆ ಕಿತ್ತು ಬಿಸಾಡಿ, ಅದು ವಿಷ. ಎಲೆಯೂ ಅಷ್ಟೇ, ದನಕ್ಕೆ ಹಾಕಬೇಡಿ. ಹೂ ಬಿಡಲಿಲ್ಲ ಎಂದು ಮಾತ್ರ ಚಿಂತೆ ಬೇಡ. ಹೂವಿಗೂ ಗಡ್ಡೆಗೂ ಸಂಬಂಧ ಇಲ್ಲ.

9. ಕೀಳುವುದು

ಜನವರಿ 1-2ಕ್ಕೆ ಗಿಡದ ಹಸಿರನ್ನೆಲ್ಲ ನೆಲಮಟ್ಟಕ್ಕೆ ಕತ್ತರಿಸಿ. ನೀರು ನಿಲ್ಲಿಸಿ. ಗಿಡ ಇನ್ನೂ ಹಸಿರಿದೆ, ಇನ್ನಷ್ಟು ಊದಲಿ ಎಂದು ಆಸೆಯಾಗುತ್ತದೆ. ಆದರೆ ಈ ಹತ್ತು ದಿನ ಗಡ್ಡೆಯ ಸಿಪ್ಪೆ ಬಲಿಯಲು. ಎಳೆ ಸಿಪ್ಪೆಯ ಗಡ್ಡೆ ಅಗೆಯುವಾಗಲೇ ತರಚಿ ವಾರದಲ್ಲಿ ಕೊಳೆಯುತ್ತದೆ. ಎರಿ ಮಣ್ಣಿನ ಮಡಿಯಾದರೆ ಪೂರ್ತಿ ಒಣಗಲು ಬಿಡಬೇಡಿ, ಅಗೆಯಲು ಹಾರೆಯೇ ಬೇಕಾದೀತು.

ಹತ್ತನೇ ದಿನ ಅಂಚಿನಲ್ಲಿ ಕೈ ಹಾಕಿ ಒಂದನ್ನು ತೆಗೆಯಿರಿ. ಹೆಬ್ಬೆರಳಿಂದ ಜೋರಾಗಿ ಉಜ್ಜಿ. ಸಿಪ್ಪೆ ಸುಲಿಯಲಿಲ್ಲವೇ, ತಾಡಪತ್ರಿ ಹಾಸಿ ಚೀಲವನ್ನು ಅದರ ಮೇಲೆ ಮಗುಚಿ. ಸಲಿಕೆ, ಖುರ್ಪಿ ಬೇಡ, ಕೈಯಿಂದಲೇ ಆರಿಸಿ. ಮಕ್ಕಳಿಗೆ ಕೊಡಬೇಕಾದ ಕೆಲಸ ಇದು. ಮಣ್ಣೊಳಗೆ ಬೆರಳಿಗೆ ದುಂಡಗೆ ತಣ್ಣಗೆ ತಾಗಿದಾಗ ಕೂಗುತ್ತಾರೆ ನೋಡಿ. ಬೀಜಕ್ಕೆ ಇಟ್ಟ ಹಳೆಯ ಗಡ್ಡೆಯೂ ಕೈಗೆ ಸಿಗುತ್ತದೆ, ಮೆತ್ತಗೆ, ಹಿಸುಕಿದರೆ ನೀರು. ಅದನ್ನು ತೆಗೆದುಹಾಕಿ.

ಕಿತ್ತ ಗಡ್ಡೆಯನ್ನು ರಾತ್ರಿ ಹೊರಗೆ ಬಿಡಬೇಡಿ. ಬಟಾಟಿ ಪತಂಗ ಕಾಯುತ್ತಿರುತ್ತದೆ.

10. ಇಡುವುದು

ತೊಳೆಯಬೇಡಿ. ನೆರಳಲ್ಲಿ, ಗಾಳಿ ಆಡುವಲ್ಲಿ ಹರಡಿ ಒಂದು ವಾರ ಆರಲಿ. ಗಾಯವಾದದ್ದು, ಚೂರು ಹಸಿರಾದದ್ದನ್ನು ಬೇರೆ ಮಾಡಿ. ಗಾಯದವು ಭೋಗಿ ದಿನದ ಪಲ್ಯಕ್ಕೆ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಜೊತೆ. ಹಸಿರಾದವನ್ನು ತಿನ್ನುವುದೇ ಬೇಡ. ಒಳ್ಳೆಯವನ್ನು ಬಿದಿರ ಬುಟ್ಟಿಯಲ್ಲಿ ಕತ್ತಲಲ್ಲಿಡಿ, ಉಳ್ಳಾಗಡ್ಡಿ ಜೊತೆ ಬೆರೆಸಬೇಡಿ. ಫ್ರಿಜ್ಜಿನಲ್ಲಿ ಇಟ್ಟರೆ ಪಿಷ್ಟ ಸಕ್ಕರೆಯಾಗಿ ಕರಿದಾಗ ಕಪ್ಪಾಗುತ್ತದೆ. ಒಣಗಿದ ಬೇವಿನ ಎಲೆ ಅಥವಾ ಲಂಟಾನ ಎಲೆಯನ್ನು ಎರಡು ಬೆರಳು ದಪ್ಪ ಮೇಲೆ ಹೊದಿಸಿದರೆ ಪತಂಗದ ಕಾಟ ಕಡಿಮೆ.

ಇದರಲ್ಲೇ ಬೀಜಕ್ಕೆ ಎತ್ತಿಡಲೇ ಎಂಬ ಪ್ರಶ್ನೆಯೂ ಬರುತ್ತದೆ. ಬೇಡ. ನಮ್ಮ ಬೇಸಿಗೆಯಲ್ಲಿ ಅಕ್ಟೋಬರ್ ತನಕ ಅವು ಉಳಿಯುವುದಿಲ್ಲ. ಉಳಿದರೂ ಸಸ್ಯ ಹೇನು ಹರಡುವ ವೈರಸ್ ಗಡ್ಡೆಯಲ್ಲೇ ಸೇರಿ ವರ್ಷದಿಂದ ವರ್ಷಕ್ಕೆ ಫಸಲು ಇಳಿಯುತ್ತದೆ. ಎಲ್ಲ ತಿಂದು ಮುಗಿಸಿ, ಬೀಜ ಹೊಸದು ತನ್ನಿ. ರೋಗ ಇಲ್ಲದ ಚೀಲದ ಮಣ್ಣನ್ನು ಎರಡು ದಿನ ಬಿಸಿಲಿಗೆ ಹರಡಿ ಮತ್ತೆ ತುಂಬಿ. ಅದಕ್ಕೆ ಮೆಂತ್ಯ, ಕೊತ್ತಂಬರಿ ಚೆಲ್ಲಿದರೆ ಫೆಬ್ರವರಿ ಮುಗಿಯುವುದರೊಳಗೆ ಒಂದು ಕೊಯ್ಲು ಸಿಗುತ್ತದೆ.